ಜಾಯ್ಸ್ ಚೇಚಿ ಮೆಟ್ಟಿಲ ಮೇಲೆ ಕೇಳಿದ ಮಾತು

ವೈಟ್ಟಿಲ, ಕೊಚ್ಚಿ
೧೪ ಜೂನ್ ೨೦೨೫, ಶನಿವಾರ ಬೆಳಿಗ್ಗೆ

ಪ್ರೀತಿಯ ತಮ್ಮ ಪ್ರಮೋದನಿಗೆ,

ನಿನ್ನ ಅನಸೂಯಕ್ಕನ ಆಶೀರ್ವಾದ. ನಾವು ಮೂವರೂ ಆರಾಮಾಗಿದ್ದೇವೆ. ಮಳೆ ಹಿಡಿದ ದಿನದಿಂದ ನಿನ್ನ ಭಾವನ ಮಂಡಿನೋವು ಬೆಳಿಗ್ಗೆ ಅವರಿಗಿಂತ ಮುಂಚೆ ಏಳುತ್ತದೆ, ಅದೊಂದು ಬಿಟ್ಟರೆ ದೂರುವಂಥದ್ದೇನಿಲ್ಲ. ಮಹತಿ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮಲಯಾಳದಲ್ಲೇ ಉತ್ತರ ಕೊಡುತ್ತಾಳೆ. ಸೋದರಮಾವನ ಹತ್ತಿರ ಮಾತ್ರ ಕನ್ನಡ, ಏಕೆಂದರೆ ಒಂದು ಕನ್ನಡ ವಾಕ್ಯಕ್ಕೆ ಒಂದು ಒಬ್ಬಟ್ಟು ಎಂದು ನೀನು ಅವಳನ್ನು ಕೆಡಿಸಿಟ್ಟಿದ್ದೀಯ.

ತಡವಾಗಿ ಬರೆಯುತ್ತಿದ್ದೇನೆ, ಗೊತ್ತು. ಕಳಕ್ಕೂಟಂನ ನಿನ್ನ ಮೆಸ್ ಮುಚ್ಚಿದ್ದು ಫೆಬ್ರವರಿಯಲ್ಲಿ, ಈಗ ಜೂನ್ ಅರ್ಧ ಕಳೆಯುತ್ತಾ ಬಂತು. ನಡುವೆ ನಾನು ಕಳಿಸಿದ್ದು ವಾಟ್ಸ್ಯಾಪಿನಲ್ಲಿ ನಾಲ್ಕು ಸಾಲು, ಅದರಲ್ಲಿ ಎರಡು ಸಾಲು ಉಪದೇಶ. ಮಾರ್ಚಿ ತಿಂಗಳ ಲೆಕ್ಕ, ಆಮೇಲೆ ಆಡಿಟ್ ಎಂದೆಲ್ಲ ಕಾರಣ ಹೇಳಬಹುದು. ನೀನು ನಂಬುವುದಿಲ್ಲ, ನಂಬಲೂಬೇಡ. ಇವತ್ತು ಎರಡನೇ ಶನಿವಾರ, ಬ್ಯಾಂಕಿಗೆ ರಜೆ. ಐದು ಗಂಟೆಗೆ ಎದ್ದು ಈ ಕಾಗದ ಶುರು ಮಾಡಿ ಮೂರು ಸಲ ಹರಿದು ಹಾಕಿದ್ದೇನೆ. ಎದುರಿಗೆ ಕೂತರೆ ನಾನು ಭಾಷಣ ಶುರು ಮಾಡುತ್ತೇನೆ, ಫೋನಿನಲ್ಲಾದರೆ ನೀನು "ಚೆನ್ನಾಗಿದೀನಿ ಅಕ್ಕ" ಅಂದು ಇಟ್ಟುಬಿಡುತ್ತೀಯ. ಅದಕ್ಕೇ ಕಾಗದ.

ನಿನ್ನೆ ಸಂಜೆ ಧನಶ್ರೀ ಫೋನ್ ಮಾಡಿದ್ದಳು. ನಿನ್ನ ಮೇಲೆ ಚಾಡಿ ಹೇಳಲು ಮಾಡಿದ್ದಲ್ಲ, ಅವಳ ಮೇಲೆ ಸಿಟ್ಟಾಗಬೇಡ. "ಅತ್ತಿಗೆ, ಇವ್ರು ರಾತ್ರಿಯೆಲ್ಲಾ ಎದ್ದೇ ಇರ್ತಾರೆ. ಬೆಳಗಾದ್ರೆ ಹೋಗಿ ಮುಚ್ಚಿರೋ ಮೆಸ್ಸಿನೊಳಗೆ ಕೂತ್ಕೋತಾರೆ. ನನ್ನ ಬಳೆ ಅಡ ಇಟ್ಟಿದ್ದಕ್ಕೆ ನಾನೇನೂ ಅಂದಿಲ್ಲ ಅತ್ತಿಗೆ, ದೇವರಾಣೆ ಏನೂ ಅಂದಿಲ್ಲ. ಆದ್ರೂ ನನ್ ಮುಖ ನೋಡಲ್ಲ" ಅಂದಳು. ಆ ಆಳೆತ್ತರದ ಅನ್ನದ ಪಾತ್ರೆಗಳನ್ನು ನೀನು ಪಕ್ಕದ ಹಾಸ್ಟೆಲ್ಲಿನ ವಾಚ್‌ಮನ್‌ಗೆ ಸುಮ್ಮನೆ ಎತ್ತಿಕೊಟ್ಟೆಯಂತೆ. ಬೆಲೆಯನ್ನೇ ಕೇಳಲಿಲ್ಲವಂತೆ. ಒಂದು ಸೌಟಿಗೆ ಚಾಲ ಮಾರ್ಕೆಟ್ಟಿನಲ್ಲಿ ಅರ್ಧ ಗಂಟೆ ಚೌಕಾಸಿ ಮಾಡುತ್ತಿದ್ದವನು ನೀನು. ನನಗೆ ನಿನ್ನ ಸಾಲದ ಭಯವಿಲ್ಲ ಪ್ರಮೋದ, ನಿನ್ನ ಪ್ರಾಣದ ಭಯ. ಯಾಕೆ ಅಂತ ಹೇಳಬೇಕಾದರೆ ನಮ್ಮ ಬ್ರಾಂಚಿನ ಜಾಯ್ಸ್ ಚೇಚಿಯ ಕಥೆ ಹೇಳಬೇಕು. ಇದನ್ನು ನಾನು ನಿನ್ನ ಭಾವನಿಗೆ ಬಿಟ್ಟು ಯಾರಿಗೂ ಹೇಳಿಲ್ಲ.

ಜಾಯ್ಸ್ ನಮ್ಮ ಹೆಡ್ ಕ್ಯಾಷಿಯರ್, ಬ್ರಾಂಚಿಗೆಲ್ಲ ಅಕ್ಕ, ಅದಕ್ಕೇ ಚೇಚಿ. ಐವತ್ತೊಂಬತ್ತು ವರ್ಷ. ವೈಪಿನ್ ಕಡೆಯವರು, ದಿನಾ ಎರಡು ಬಸ್ಸು ಹಿಡಿದು ಬರುತ್ತಾರೆ. ಪ್ರಮೋಷನ್ ಬೇಡವೆಂದು ಮೂರು ಸಲ ಬರೆದುಕೊಟ್ಟು, ಮೂವತ್ತು ವರ್ಷದಿಂದ ಕೌಂಟರಿನ ಆ ಗಾಜಿನ ಹಿಂದೆಯೇ ಇದ್ದಾರೆ. ನಾನು ಮ್ಯಾನೇಜರಾಗಿ ಇಲ್ಲಿಗೆ ಬಂದ ಮೊದಲ ವಾರವೇ ಅವರ ಬಗ್ಗೆ ಒಂದು ಅಭಿಪ್ರಾಯ ಮಾಡಿಕೊಂಡಿದ್ದೆ: ಮಾತು ಜಾಸ್ತಿ, ಕ್ಯೂ ನಿಧಾನ. ಪ್ರತಿಯೊಬ್ಬರ ಹತ್ತಿರವೂ ಹಲ್ಲುನೋವು, ಮಗಳ ಪರೀಕ್ಷೆ, ಮೀನಿನ ರೇಟು. ನನ್ನ ಕ್ಯಾಬಿನಿನಿಂದ ಗಡಿಯಾರ ತೋರಿಸಿದರೆ ಕೈಯೆತ್ತಿ ನಗುತ್ತಿದ್ದರು. ನಿನ್ನ ಅಕ್ಕನ ಸ್ವಭಾವ ನಿನಗೆ ಗೊತ್ತಲ್ಲ, ಆ ನಗು ನನಗೆ ಮೈ ಉರಿಸುತ್ತಿತ್ತು.

ಒಂದು ದಿನ ಊಟದ ಹೊತ್ತಿನಲ್ಲಿ, ಎಸ್ಸೆಮ್ಮೆಸ್ಸಿನ ಚಾರ್ಜ್ ಹಾಕಿದ್ದೀರಿ ಎಂದು ಯಾರೋ ಅವರ ಮೇಲೆ ಕೂಗಾಡಿ ಹೋದರು. ಪಾಪ ಎಂದುಕೊಂಡು ಸಮಾಧಾನ ಮಾಡಲು ಹೋದೆ. ಆಯಮ್ಮ ಮೀನಿನ ಮುಳ್ಳು ಬಿಡಿಸುತ್ತ ಹೇಳಿದರು, "ಕೂಗಾಡಲಿ ಬಿಡಿ ಮೇಡಂ, ಕೂಗಾಡೋರ ಬಗ್ಗೆ ನಂಗೆ ಚಿಂತೆ ಇಲ್ಲ. ಹದಿನೆಂಟು ರೂಪಾಯಿಗೆ ಜಗಳ ಆಡೋನಿಗೆ ಮುಂದಿನ ತಿಂಗಳು ಬೇಕಾಗಿದೆ ಅಂತ ಅರ್ಥ. ಕಷ್ಟದಲ್ಲಿದ್ದೋರು ಏನೂ ಕೇಳ್ದೆ, ತೋರಿಸಿದ ಕಡೆಯೆಲ್ಲಾ ಸೈನ್ ಮಾಡಿ ಹೋಗ್ತಾರಲ್ಲ, ಅವರನ್ನ ನೋಡ್ಕೋಬೇಕು." ಅವರು ಹೇಳಿದ್ದು ಮಲಯಾಳದಲ್ಲಿ, ನಿನ್ನ ಮಲಯಾಳ ನನ್ನದಕ್ಕಿಂತ ಚೆನ್ನಾಗಿದೆ, ನೀನೇ ಕಿವಿಯಲ್ಲಿ ತಿರುಗಿಸಿಕೊಂಡು ಓದು. ನಾನು ಆಗ ಇದನ್ನು ಒಂದು ಹರಟೆ ಎಂದುಕೊಂಡು ಡಬ್ಬಿ ತೊಳೆಯಲು ಎದ್ದು ಹೋದೆ.

ಈಗ ಮಾರ್ಚಿಯ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಒಬ್ಬರು ಗ್ರಾಹಕರಿದ್ದಾರೆ, ಹೆಸರು ಬರೆಯುವಂತಿಲ್ಲ, ಲಾರಿಯಣ್ಣ, ಇಲ್ಲಿಯವರ ಬಾಯಲ್ಲಿ ಲಾರಿ ಚೇಟ್ಟನ್, ಎಂದಿಟ್ಟುಕೊ. ವಲ್ಲಾರ್ಪಾಡಂನ ಟರ್ಮಿನಲ್ಲಿಗೆ ಕಂಟೇನರ್ ಹೊಡೆಯುವ ಎರಡು ಟ್ರೇಲರ್ ಇಟ್ಟುಕೊಂಡಿದ್ದರು. ಎರಡಕ್ಕೂ ನಮ್ಮ ಸಾಲವೇ. ಒಂದು ಟ್ರೇಲರ್ ಅಪಘಾತದಲ್ಲಿ ಕೂತುಹೋಯಿತು, ಬಾಡಿಗೆ ಕೊಡುತ್ತಿದ್ದ ಕಂಪನಿ ಬೇರೆಯವರನ್ನು ಹಿಡಿಯಿತು, ನಾಲ್ಕು ಕಂತು ನಿಂತವು. ನಾನು ಕೊಟ್ಟ ನೋಟೀಸು ಅವರ ಮನೆಗೆ ತಲುಪಿದ ಐದನೇ ದಿನ, ಬ್ಯಾಂಕಿನ ಬಾಗಿಲು ತೆಗೆಯುತ್ತಲೇ ಅವರೇ ಬಂದರು.

ಉಟ್ಟದ್ದು ಒಗೆದ ಬಿಳಿ ಮುಂಡು, ಕೈಯಲ್ಲಿ ಒಂದು ಪ್ಲಾಸ್ಟಿಕ್ ಫೈಲು. ಒಳಗೆ ಎಲ್ಲ ಕಾಗದವೂ ದಿನಾಂಕದ ಪ್ರಕಾರ. ಒಂದು ಸಣ್ಣ ಎಫ್‌ಡಿಗೂ ಉಳಿತಾಯ ಖಾತೆಗೂ ಮಗಳನ್ನು ನಾಮಿನಿ ಮಾಡಬೇಕೆಂದರು. ಲಾಕರಿಗೆ ಹೆಂಡತಿಯ ಹೆಸರು ಸೇರಿಸಬೇಕೆಂದರು. ಎರಡು ವರ್ಷದ ಲಾಕರ್ ಬಾಡಿಗೆ ಮುಂಗಡ ಕಟ್ಟುತ್ತೇನೆಂದರು. ನೋಟೀಸಿನ ಮೇಲೆ ಒಂದು ಮಾತಿಲ್ಲ. ಕೊನೆಗೆ, "ಮೇಡಂ, ನಾನಿಲ್ಲದೆ ಹೋದರೆ ಈ ಸಾಲ ಮನೆಯವರನ್ನ ಹಿಡ್ಕೊಳ್ಳತ್ತಾ?" ಎಂದು ಕೇಳಿದರು. ನಾನು ಏನು ಮಾಡಿದೆ ಗೊತ್ತಾ? ಜಾಮೀನುದಾರರ ನಿಯಮವನ್ನು ಬಾಯಿಪಾಠದಂತೆ ಒಪ್ಪಿಸಿದೆ. ಟೀ ತರಿಸಿದೆ. ಹೊಸದಾಗಿ ಸೇರಿದ ಸಮೀಕ್ಷಾಳನ್ನು ಕರೆದು, "ನೋಡಮ್ಮ, ಫೈಲ್ ಅಂದ್ರೆ ಹೀಗಿರ್ಬೇಕು" ಎಂದು ತೋರಿಸಿದೆ. ಬ್ಯಾಂಕಿನವರಿಗೆ ಕಾಗದಪತ್ರ ಸರಿಯಾಗಿಟ್ಟವನೇ ದೇವರು. ಎಲ್ಲ ಗ್ರಾಹಕರೂ ನಿಮ್ಮ ಹಾಗಿದ್ದರೆ ನಮ್ಮ ಕೆಲಸ ಎಷ್ಟು ಹಗುರ ಎಂದು ಆ ಮನುಷ್ಯನ ಮುಖಕ್ಕೇ ಹೇಳಿದೆ.

ಅವರು ಬಾಡಿಗೆ ಕಟ್ಟಲು ಜಾಯ್ಸ್ ಚೇಚಿಯ ಕೌಂಟರಿಗೆ ಹೋದರು. ನಲವತ್ತು ರೂಪಾಯಿ ಚಿಲ್ಲರೆ ವಾಪಸು ಬರಬೇಕಿತ್ತು. "ಇರಲಿ ಬಿಡಿ" ಎಂದು ಹೊರಟುಬಿಟ್ಟರು. ಹನ್ನೊಂದು ವರ್ಷದಲ್ಲಿ ಆ ಮನುಷ್ಯ ಒಂದು ರೂಪಾಯಿಯ ನಾಣ್ಯಕ್ಕೂ ಕಾದು ನಿಲ್ಲದ ದಿನವಿರಲಿಲ್ಲವಂತೆ. ಜಾಯ್ಸ್ ಕ್ಯಾಷ್ ಪೆಟ್ಟಿಗೆಗೆ ಬೀಗ ಹಾಕಿದರು, ಕೌಂಟರ್ ಮುಚ್ಚಿದೆ ಎಂಬ ಬೋರ್ಡು ಇಟ್ಟರು, ಹನ್ನೆರಡು ಜನರ ಕ್ಯೂ ಬಿಟ್ಟು ಚಪ್ಪಲಿಯಿಲ್ಲದ ಕಾಲಲ್ಲಿ ಓಡಿದರು.

ಕ್ಯೂನಲ್ಲಿದ್ದವರು ಕೂಗತೊಡಗಿದರು. ನಾನು ಎದ್ದು ಜಾಯ್ಸ್ ಚೇಚಿಯನ್ನು ಗದರಿಸಿ ಕರೆತರಲೆಂದೇ ಹೊರಗೆ ಹೋದೆ, ಸುಳ್ಳು ಯಾಕೆ ಹೇಳಲಿ. ನಮ್ಮ ಬ್ರಾಂಚು ಮೊದಲ ಮಹಡಿಯಲ್ಲಿದೆ. ಮೆಟ್ಟಿಲಿನ ತಿರುವಿನಲ್ಲಿ ಇಬ್ಬರೂ ಕೂತಿದ್ದರು, ಬಸ್ಸಿಗೆ ಕಾಯುವವರ ಹಾಗೆ. ಜಾಯ್ಸ್ ಆ ಮನುಷ್ಯನ ಮುಖ ನೋಡದೆ, ಎದುರಿನ ಗೋಡೆ ನೋಡುತ್ತ, ಊಟ ಆಯ್ತಾ ಎಂದು ಕೇಳುವ ದನಿಯಲ್ಲೇ ಕೇಳಿದರು:

"ಚೇಟ್ಟಾ, ಸಾಯಬೇಕು ಅಂತ ಅನ್ನಿಸ್ತಾ ಇದೆಯಾ?"

ಇದೇನು ಅಪಶಕುನ, ಇಲ್ಲದ ಯೋಚನೆಯನ್ನು ಈ ಹೆಂಗಸೇ ತಲೆಗೆ ತುಂಬುತ್ತಿದ್ದಾರಲ್ಲ ಎಂದುಕೊಂಡೆ. ನಮ್ಮ ಮನೆಯಲ್ಲಿ ಆ ಪದ ಬಾಯಿಗೆ ಬಂದರೆ ಅಮ್ಮ "ಬಿಡ್ತು ಅನ್ನು" ಎನ್ನುತ್ತಿದ್ದಳಲ್ಲ. ಲಾರಿ ಚೇಟ್ಟನ್ ಮಂಡಿಯ ಮೇಲಿದ್ದ ಫೈಲು ಜಾರಿತು, ಅವರು ಎತ್ತಿಕೊಳ್ಳಲಿಲ್ಲ. "ಹೌದು ಚೇಚಿ" ಎಂದರು. ಅಷ್ಟು ಹೇಳಿದ ಮೇಲೆ ಅವರಿಗೆ ಬಂದ ಅಳು, ಅಯ್ಯೋ ಪ್ರಮೋದ, ಅಷ್ಟು ದೊಡ್ಡ ಮೈಯ ಗಂಡಸು ಹಾಗೆ ಅಳುವುದನ್ನು ನಾನು ನೋಡಿರಲಿಲ್ಲ. ಜಾಯ್ಸ್ ಗಾಬರಿಯಾಗಲಿಲ್ಲ, ಉಪದೇಶ ಮಾಡಲಿಲ್ಲ, ಹೆಂಡತಿ ಮಕ್ಕಳ ಗತಿಯೇನು ಎಂದು ಹಂಗಿಸಲಿಲ್ಲ. "ಯಾವಾಗಿನಿಂದ?" ಎಂದರು. "ಇವತ್ತು ಅಂದ್ಕೊಂಡಿದ್ರಾ?" ಎಂದರು. "ಇಷ್ಟು ದಿನ ಒಬ್ಬರೇ ಹೊತ್ಕೊಂಡು ಓಡಾಡಿದ್ರಲ್ಲ, ಸುಸ್ತಾಗಿರತ್ತೆ" ಎಂದರು. ಆಮೇಲೆ ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿ, ಅವರ ಫೋನಿನಿಂದಲೇ ಅವರ ಹೆಂಡತಿಗೆ ಫೋನ್ ಮಾಡಿಸಿದರು. ಜೇಬಿನಲ್ಲಿದ್ದ ಚಲನ್ನಿನ ಹಿಂಭಾಗದಲ್ಲಿ ಮನಸ್ಸಿನ ಸಂಕಟಕ್ಕೆ ಕರೆ ಮಾಡುವ ಸರ್ಕಾರಿ ಸಹಾಯವಾಣಿ ಟೆಲಿಮಾನಸಿನ ನಂಬರು, ೧೪೪೧೬, ಬರೆದುಕೊಟ್ಟರು. ಆ ನಂಬರು ಅವರಿಗೆ ಬಾಯಿಗೆ ಬರುತ್ತಿತ್ತು.

ನಾನೋ, ಮ್ಯಾನೇಜರು, ಮೆಟ್ಟಿಲ ಮೇಲೆ ಕಂಬದ ಹಾಗೆ ನಿಂತಿದ್ದೆ. ಜಾಯ್ಸ್ ತಲೆಯೆತ್ತಿ, "ಮೇಡಂ, ನೀವು ಕ್ಯೂ ನೋಡ್ಕೊಳ್ಳಿ" ಎಂದರು. ನನ್ನ ಸರ್ವಿಸಿನಲ್ಲಿ ಒಬ್ಬ ಕ್ಯಾಷಿಯರ್ ನನಗೆ ಆರ್ಡರ್ ಮಾಡಿದ್ದು, ನಾನು ಮರುಮಾತಿಲ್ಲದೆ ಪಾಲಿಸಿದ್ದು ಅದೊಂದೇ ಸಲ. ಒಳಗೆ ಬಂದು, ನೋಟು ಎಣಿಸುವ ಮೆಷಿನ್ ಕೆಟ್ಟಿದೆ ಎಂದು ಹನ್ನೆರಡು ಜನರಿಗೆ ಸುಳ್ಳು ಹೇಳಿದೆ. ಹೆಂಡತಿ ಮತ್ತು ಭಾವಮೈದ ಆಟೋದಲ್ಲಿ ಬಂದು ಸೇರುವವರೆಗೆ, ಐವತ್ತು ನಿಮಿಷ, ಜಾಯ್ಸ್ ಆ ಮನುಷ್ಯನ ಪಕ್ಕದಿಂದ ಏಳಲಿಲ್ಲ. ಅಲ್ಲಿಂದ ಅವರು ಸೀದಾ ಸರ್ಕಾರಿ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಹೋದರು.

ಕ್ಯೂನಲ್ಲಿದ್ದ ಒಬ್ಬರು ರೀಜನಲ್ ಆಫೀಸಿಗೆ ದೂರು ಬರೆದರು. ನಿಯಮದ ಪ್ರಕಾರ ನಾನು ಜಾಯ್ಸ್‌ಗೆ ಮೆಮೊ ಕೊಡಬೇಕಾಯಿತು, ಕೊಟ್ಟೆ. ಅವರು ಚಿಲ್ಲರೆ ಎಣಿಸುತ್ತಲೇ ಒಂದು ಸಾಲು ಬರೆದು ವಾಪಸು ಕೊಟ್ಟರು: ಒಬ್ಬ ಗ್ರಾಹಕರ ಜೊತೆ ಕೂತಿದ್ದೆ. ಅದರ ಕೆಳಗೆ ನಾನು ಎರಡು ಪುಟ ಬರೆದು ಮೇಲೆ ಕಳಿಸಿದೆ. ಮೂವತ್ತು ವರ್ಷದಲ್ಲಿ ಹೀಗೆ ಎಷ್ಟು ಜನರನ್ನು ಕೇಳಿದ್ದೀರಿ ಎಂದು ಆಮೇಲೊಂದು ದಿನ ವಿಚಾರಿಸಿದೆ. ಏಳು ಜನ ಎಂದರು. ಮೂವರು, ನಿಮಗೇನು ಹುಚ್ಚಾ ಎಂದು ಬೈದರಂತೆ. "ಬೈಸ್ಕೊಂಡ್ರೆ ನಂಗೇನು ನಷ್ಟ ಮೇಡಂ? ಆ ದಿನ ಮೀನು ಹೆಚ್ಚು ರುಚಿ" ಎಂದು ನಕ್ಕರು. ಯಾರು ಕಲಿಸಿದರು ಎಂದರೆ, ಯಾರೂ ಇಲ್ಲ, ಒಂದು ಸಲ ಕೇಳದೆ ಬಿಟ್ಟಿದ್ದೆ ಎಂದರು. ಅದಕ್ಕಿಂತ ಹೆಚ್ಚು ಹೇಳಲಿಲ್ಲ, ನಾನೂ ಕೆದಕಲಿಲ್ಲ.

ನನ್ನ ಪಾಲಿನ ಕೆಲಸ ಆಮೇಲೆ ಮಾಡಿದೆ. ಕೆಟ್ಟ ಟ್ರೇಲರನ್ನು ಮಾರಿಸಿದೆ, ಉಳಿದ ಸಾಲದ ಕಂತು ಇಳಿಸಿ ವರ್ಷ ಹೆಚ್ಚಿಸಿದೆ. ಸಾಲ ಎನ್ನುವುದು ನನ್ನ ಮೇಜಿನ ಮೇಲೆ ಬಂದಾಗ ಎಷ್ಟು ಸಾಧಾರಣ ವಸ್ತು, ಅದಕ್ಕೆ ಎಷ್ಟು ದಾರಿಗಳಿವೆ! ಅದೇ ಸಾಲ ಒಬ್ಬ ಮನುಷ್ಯನ ತಲೆಯೊಳಗೆ ಕೂತಾಗ ಒಂದು ದಾರಿಯೂ ಕಾಣಿಸುವುದಿಲ್ಲ. ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಇದು ನನಗೆ ಈ ಮಾರ್ಚಿಯಲ್ಲಿ ಗೊತ್ತಾಯಿತು. ಹೋದ ವಾರ ಲಾರಿ ಚೇಟ್ಟನ್ ಬಂದಿದ್ದರು. ಇನ್ನೂ ಮಾತ್ರೆ ತೆಗೆದುಕೊಳ್ಳುತ್ತಾರೆ, ಸ್ವಲ್ಪ ಇಳಿದಿದ್ದಾರೆ. ಚೆಕ್ ಬುಕ್ಕಿಗೆ ಚಾರ್ಜ್ ಯಾಕೆ ಎಂದು ಕೌಂಟರಿನಲ್ಲಿ ದೊಡ್ಡ ಗಲಾಟೆ. ಜಾಯ್ಸ್ ನನ್ನ ಕ್ಯಾಬಿನಿಗೆ ಓಡಿಬಂದು, "ಮೇಡಂ, ಜಗಳ ಆಡಿದ್ರು, ನನ್ನ ಕಳ್ಳಿ ಅಂದ್ರು!" ಎಂದು ಹೇಳುವಾಗ ಆ ಮುಖ ನೋಡಬೇಕಿತ್ತು ನೀನು. ಈ ಡಿಸೆಂಬರಿನಲ್ಲಿ ಅವರ ನಿವೃತ್ತಿ. ಅಂಥವರ ಜೊತೆ ಕೆಲಸ ಮಾಡಿದೆ ಎಂದು ನಾನು ಸಾಯುವವರೆಗೆ ಹೇಳಿಕೊಂಡು ಓಡಾಡುತ್ತೇನೆ.

ಈಗ ನಿನ್ನ ವಿಷಯ. ನಿನ್ನ ಬಗ್ಗೆಯೂ ನಾನು ಹೇಳಿಕೊಂಡು ಓಡಾಡುತ್ತೇನೆ, ಅದು ನಿನಗೆ ಗೊತ್ತಿಲ್ಲ. ರಾಕೆಟ್ ಕೇಂದ್ರದ ಕ್ವಾರ್ಟರ್ಸಿನಲ್ಲಿ ಬೆಳೆದ ಮಕ್ಕಳೆಲ್ಲ ಎಂಜಿನಿಯರಾಗಲು ಹೊರಟಾಗ ಅಡುಗೆ ಕಲಿಯುತ್ತೇನೆ ಎಂದವನು ನೀನೊಬ್ಬನೇ. ಅಪ್ಪ ಮೂರು ತಿಂಗಳು ನಿನ್ನ ಹತ್ತಿರ ಮಾತು ಬಿಟ್ಟರು, ಕೊನೆಗೆ ನಿನ್ನ ಬಿಸಿಬೇಳೆಬಾತು ತಿಂದು ರಾಜಿಯಾದರು. ಹಾಸ್ಟೆಲ್ ಮಕ್ಕಳಿಗೆ ತಿಂಗಳ ಕೊನೆಯಲ್ಲಿ ದುಡ್ಡಿಲ್ಲದಿದ್ದರೆ ಕೂಪನ್ನಿಲ್ಲದೆ ಬಡಿಸಿದವನು ನೀನು. ಕೋವಿಡ್ಡಿನಲ್ಲಿ ಊರಿಗೆ ಹೋಗಲಾಗದೆ ಉಳಿದ ಆ ನಲವತ್ತು ಹುಡುಗಿಯರು ಈಗಲೂ ನಿನ್ನನ್ನು ಪ್ರಮೋದೇಟ್ಟಾ ಎಂದು ಕೇಳಿಕೊಂಡು ಬರುತ್ತಾರೆ ಎಂದು ಧನಶ್ರೀ ಹೇಳಿದಳು. ಎರಡು ಕಂಪನಿಗಳು ಕಟ್ಟಡ ಖಾಲಿ ಮಾಡಿದವು, ಹಾಸ್ಟೆಲ್ಲು ಅರ್ಧ ಬರಿದಾಯಿತು, ಮೆಸ್ಸು ನಿಂತಿತು. ಇದರಲ್ಲಿ ನಿನ್ನ ಅಡುಗೆಯ ತಪ್ಪೇನಿದೆ? ನಿನ್ನ ತಪ್ಪೇ ಇತ್ತು ಅಂತಿಟ್ಟುಕೊಂಡರೂ, ಆ ಮೆಸ್ಸಿಗಾಗಿ ನಿನ್ನನ್ನು ಕಳೆದುಕೊಳ್ಳುವ ಲೆಕ್ಕ ನನಗೆ ಯಾವ ಬ್ಯಾಂಕಿನಲ್ಲೂ ಒಪ್ಪಿಗೆಯಿಲ್ಲ.

ಸಾಲದ ಮಾತು ನನಗೆ ಬಿಡು. ಬಳೆ ಯಾವ ಅಂಗಡಿಯಲ್ಲಿದೆ, ಮೊಬೈಲಿನ ಆ ಹಾಳು ಆ್ಯಪುಗಳಲ್ಲಿ ಎಷ್ಟಿದೆ, ಎಲ್ಲವನ್ನೂ ಒಂದೊಂದಾಗಿ ನೋಡೋಣ, ಅವಸರವಿಲ್ಲ. ಅವಸರವಿರುವುದು ಬೇರೆಯದಕ್ಕೆ. ನಿದ್ದೆಯಿಲ್ಲದ ರಾತ್ರಿಗಳಿಗೆ ಡಾಕ್ಟರಿದ್ದಾರೆ, ಸೋಮವಾರ ಹೋಗೋಣ. ನಿನ್ನ ಭಾವ ಹೇಳಿದ ಒಂದು ಮಾತು ಹಾಗೇ ಬರೆಯುತ್ತೇನೆ: "ನನ್ನ ಸ್ಕೂಟರ್ ಮಾರಿದ್ರೂ ಸರಿ, ಆ ಹುಡುಗನ್ನ ಮೊದ್ಲು ಮನೆಗೆ ಕರ್ಕೊಂಬಾ." ಅವರ ಸ್ಕೂಟರಿಗೆ ಎಂಟು ಸಾವಿರವೂ ಬರುವುದಿಲ್ಲ, ಆದರೆ ಅದನ್ನು ಅವರು ನನಗೂ ಮುಟ್ಟಲು ಕೊಡುವುದಿಲ್ಲ ಎಂಬುದು ನಿನಗೆ ಗೊತ್ತಿದೆ.

ನೀನು ನೂರು ವರ್ಷ ಬಾಳು. ಧನಶ್ರೀಗೆ ನನ್ನ ಪ್ರೀತಿ. ಆ ಮಗು ನಿನ್ನೆ ಫೋನ್ ಮಾಡುವ ಧೈರ್ಯ ಮಾಡಿದ್ದಕ್ಕೆ ಅವಳನ್ನು ಜೀವಮಾನವಿಡೀ ನೆನೆಯುತ್ತೇನೆ.

ನಿನ್ನ ಅಕ್ಕ,
ಅನಸೂಯಾ

ತಾ.ಕ.: ಸಹಿ ಹಾಕಿ ಕಾಗದ ಮಡಿಸಿದ್ದೆ, ಮತ್ತೆ ಬಿಡಿಸಿದೆ. ಇದನ್ನು ಬರೆಯದಿದ್ದರೆ ಮೇಲಿನದೆಲ್ಲ ಬರೆದೂ ದಂಡ.

ಏಪ್ರಿಲಿನ ಕೊನೆಯ ಭಾನುವಾರ ನೀನು ಇದ್ದಕ್ಕಿದ್ದಂತೆ ಬಂದೆ. ಅಷ್ಟು ದೂರದಿಂದ ರೈಲಿನಲ್ಲಿ, ಬಿಸಿಲಿನಲ್ಲಿ. ಊಟ ಮಾಡಿದೆ, ಚೆನ್ನಾಗಿ ಮಾಡಲಿಲ್ಲ. ನಾನು ತಟ್ಟೆ ಎತ್ತುವಾಗ, "ಅಕ್ಕ, ಸ್ವಲ್ಪ ಮಾತಾಡ್ಬೇಕಿತ್ತು" ಅಂದೆ. ನಾನು ಏನಂದೆ ನೆನಪಿದೆಯಲ್ಲ? "ಸ್ಟೇಟ್‌ಮೆಂಟು, ಸಾಲದ ಪಟ್ಟಿ ಎಲ್ಲಾ ತಂದಿದೀಯೇನೋ? ಅದಿಲ್ದೆ ಏನ್ ಮಾತಾಡೋದು?" ನೀನು ನಕ್ಕು, "ಮುಂದಿನ್ ಸಲ ತರ್ತೀನಿ ಬಿಡಕ್ಕ" ಅಂದು ಚಪ್ಪಲಿ ಹಾಕಿಕೊಂಡೆ. ನಿನ್ನನ್ನು ಸ್ಟೇಷನ್ನಿಗೆ ಬಿಟ್ಟು ಬರುವಾಗ, ತಮ್ಮನಿಗೆ ಇನ್ನಾದರೂ ಒಂದು ಶಿಸ್ತು ಬಂತು ಎಂದು ನಾನು ಸಂತೋಷಪಟ್ಟೆ ಪ್ರಮೋದ. ಇದು ಮೆಟ್ಟಿಲ ಮೇಲೆ ಜಾಯ್ಸ್ ಚೇಚಿಯನ್ನು ಕಣ್ಣಾರೆ ನೋಡಿದ ಒಂದು ತಿಂಗಳ ಮೇಲೆ ನಡೆದದ್ದು. ಹೊರಗಿನವರೊಬ್ಬರಿಗೆ ಅವರು ಕೊಟ್ಟ ಐವತ್ತು ನಿಮಿಷವನ್ನು, ನಾನು ಎತ್ತಿ ಆಡಿಸಿದ ನನ್ನ ತಮ್ಮನಿಗೆ ಕೊಡಲಿಲ್ಲ. ನೀನು ಅವತ್ತು ಏನು ಹೇಳಲು ಬಂದಿದ್ದೆ ಎಂದು ನಿನ್ನೆ ರಾತ್ರಿಯಿಂದ ನನಗೆ ಗೊತ್ತು. ನನ್ನನ್ನು ಕ್ಷಮಿಸು.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ನಾನು ಬರುವವರೆಗೆ ನಿನ್ನನ್ನು ಒಬ್ಬನನ್ನೇ ಬಿಡಬೇಡವೆಂದು ಧನಶ್ರೀಗೆ ಹೇಳಿದ್ದೇನೆ. ಹತ್ತು ಗಂಟೆಯ ರೈಲು ಹಿಡಿದು ಬಂದು ನಿನ್ನ ಕೈಗೇ ಕೊಡುತ್ತೇನೆ. ಈ ಸಾಲಿಗೆ ನೀನು ಬರುವಾಗ ನಾನು ನಿನ್ನ ಪಕ್ಕದಲ್ಲೇ ಕೂತಿರುತ್ತೇನೆ, ಬಾಯಿ ಮುಚ್ಚಿಕೊಂಡು. ಯಾವ ಕಾಗದಪತ್ರವನ್ನೂ ಕೇಳುವುದಿಲ್ಲ, ಇದೊಂದನ್ನೇ ಕೇಳುತ್ತೇನೆ. ಪ್ರಮೋದ, ಸಾಯಬೇಕು ಅಂತ ಅನ್ನಿಸ್ತಾ ಇದೆಯೇನೋ? ಓದಿದ್ದು ಸಾಕು, ಕಾಗದ ಕೆಳಗಿಟ್ಟು ನನಗೆ ಹೇಳು.